ಒಂದು ಹನಿ ಎಲ್ಲಿ ತನಕ ಹೋಗುತ್ತೆ: ಸ್ಟೀರಾಯ್ಡ್ ಡ್ರಾಪ್ಸ್ ಮತ್ತು ಕಣ್ಣಿನ ಪ್ರೆಷರ್

(ದಾವಣಗೆರೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಹಿರಿಯರೇ ಜಾಸ್ತಿ ಇದ್ದ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದು. ಮುಂದಿನ ಸಾಲಲ್ಲಿ ಕೂತಿದ್ದ ಒಬ್ರು ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಕಳಿಸಿದ್ರು, ಕೇಳ್ಕೊಂಡು ಟೈಪ್ ಮಾಡಿದ್ದೀನಿ. ಮೈಕ್ ಕೈ ಕೊಟ್ಟಿದ್ದು, ಟೀ ಬಂದಿದ್ದು ಎಲ್ಲಾ ಬಿಟ್ಟಿದ್ದೀನಿ, ಮಾತಿನ ಧಾಟಿ ಮಾತ್ರ ಹಂಗೇ ಇಟ್ಟಿದ್ದೀನಿ.)

ಎಲ್ಲರಿಗೂ ನಮಸ್ಕಾರ. ನನ್ನನ್ನ ಕರೆದೋರು "ಕಣ್ಣಿನ ಆರೋಗ್ಯ" ಅಂತ ಮಾತಾಡಿ ಅಂದ್ರು, ಅದು ಸಮುದ್ರ ಆಗೋಯ್ತು, ನಾನು ಒಂದು ಹನಿ ಬಗ್ಗೆ ಮಾತ್ರ ಮಾತಾಡ್ತೀನಿ ಅಂದೆ. ನಿಮ್ಮ ಮನೆ ಫ್ರಿಜ್ ಬಾಗಿಲಲ್ಲೋ ದೇವರ ಗೂಡಿನ ಪಕ್ಕದಲ್ಲೋ ಒಂದು ಸಣ್ಣ ಬಿಳಿ ಬಾಟ್ಲಿ ಇರುತ್ತಲ್ಲ, ಹೋದ ವರ್ಷ ಯಾರಿಗೋ ಆಪರೇಷನ್ ಆದಾಗ ತಂದಿದ್ದು, ಅದೇ ಹನಿ.

ಮೊದಲು ಒಂದು ಹುಡುಗನ ವಿಷಯ ಹೇಳ್ಬಿಡ್ತೀನಿ. ಜಗಳೂರು ಕಡೆಯೋನು, ಹನ್ನೊಂದು ವರ್ಷ. ತಾಯಿ ಕರ್ಕೊಂಡು ಬಂದಿದ್ರು, "ಡಾಕ್ಟ್ರೇ, ಬೋರ್ಡ್ ಕಾಣಲ್ಲ ಅಂತಾನೆ, ಚಶ್ಮಾ ಬರ್ಕೊಡ್ರಿ" ಅಂತ. ಚಶ್ಮಾ ನಂಬರ್ ನೋಡಿದ್ರೆ ದೊಡ್ಡದೇನೂ ಇಲ್ಲ, ಹಾಕಿದ್ರೂ ಪೂರ್ತಿ ಸಾಲು ಓದ್ತಿಲ್ಲ. ಕಣ್ಣಿನ ಪ್ರೆಷರ್, ಅಂದ್ರೆ ಕಣ್ಣಿನ ಒಳಗಿನ ನೀರಿನ ಒತ್ತಡ ನೋಡಿದೆ, ಬಲಗಣ್ಣು 38, ಎಡಗಣ್ಣು 36. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರ್ಬೇಕು. ಕಣ್ಣಿನಿಂದ ಮಿದುಳಿಗೆ ಹೋಗೋ ನರ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಸವೆದುಹೋಗಿದೆ. ಅಷ್ಟೊತ್ತಿಗೆ ನನಗೆ ಅರ್ಥ ಆಗಿತ್ತು, ಆದ್ರೂ ಕೇಳಿದೆ, "ಅಮ್ಮಾ, ಇವನಿಗೆ ಡ್ರಾಪ್ಸ್ ಏನಾದ್ರೂ ಹಾಕ್ತಿದ್ರಾ?" "ಹೂಂ ಸಾರ್, ಬ್ಯಾಸಿಗಿ ಬಂತಂದ್ರ ಕಣ್ಣು ಕಡಿತೈತಿ ಅಂತ ಉಜ್ಜಿ ಉಜ್ಜಿ ಕೆಂಪು ಮಾಡ್ಕಂತಾನೆ, ಎರಡು ವರ್ಷದ ಹಿಂದೆ ಒಂದು ಕಡೆ ತೋರ್ಸಿದ್ವಿ, ಆ ಡ್ರಾಪ್ಸ್ ಹಾಕಿದ್ರ ಅರ್ಧ ಗಂಟೆಗೆ ತಣ್ಣಗಾಗ್ತೈತಿ, ಖಾಲಿ ಆದ್ರೆ ಅದೇ ಬಾಟ್ಲಿ ತೋರ್ಸಿ ತಗೊಂಬರ್ತೀವಿ." ಸೆರಗಿನ ಗಂಟು ಬಿಚ್ಚಿ ಬಾಟ್ಲಿ ತೆಗೆದು ಟೇಬಲ್ ಮೇಲೆ ಇಟ್ರು. ಲೇಬಲ್ ಬೆವರಿಗೆ ಅಳಿಸಿ ಹೋಗಿತ್ತು, ಹೆಸರಿನ ಮೊದಲ ಮೂರಕ್ಷರ ಉಳಿದಿತ್ತು, ಸಾಕಾಯ್ತು. ಅದೊಂದು ಸ್ಟೀರಾಯ್ಡ್ ಹನಿ, ಡೆಕ್ಸಾಮೆಥಾಸೋನ್.

ಆ ತಾಯಿದು ತಪ್ಪು ಅಂತ ನಾನು ಹೇಳಲ್ಲ. ಔಷಧಿ ಕೆಲಸ ಮಾಡ್ತಿತ್ತು, ಹಂಗಾಗಿ ಹಾಕಿದ್ರು. ಈ ಔಷಧಿ ತೊಂದ್ರೆ ಇರೋದೇ ಅಲ್ಲಿ. ಕೆಲಸ ಮಾಡದೆ ಇದ್ದಿದ್ರೆ ಯಾರೂ ಎರಡು ವರ್ಷ ಹಾಕ್ತಿರಲಿಲ್ಲ.

ಸ್ಟೀರಾಯ್ಡ್ ಅಂದ್ರೆ ಏನು ಅಂತ ಬೇಗ ಹೇಳಿ ಮುಂದೆ ಹೋಗ್ತೀನಿ. ಇಲ್ಲಿ ಜಿಮ್ ಹುಡುಗರು ತಗೊಳ್ಳೋ ಸ್ಟೀರಾಯ್ಡ್ ಅಲ್ಲ, ಅದು ಬೇರೆ ಜಾತಿ. ನಮ್ಮ ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಅನ್ನೋ ಹಾರ್ಮೋನು ಮಾಡುತ್ತೆ, ಅದರ ಬಂಧುಗಳು ಇವು. ಊತ, ಕೆಂಪು, ಉರಿ ಇವನ್ನ ಇಳಿಸೋದು ಇವುಗಳ ಕೆಲಸ. 1948ರಲ್ಲಿ ಅಮೆರಿಕದಲ್ಲಿ ಫಿಲಿಪ್ ಹೆಂಚ್ ಅನ್ನೋ ಡಾಕ್ಟ್ರು ಕೀಲುವಾತದಿಂದ ಎದ್ದು ಓಡಾಡೋಕೂ ಕಷ್ಟ ಪಡ್ತಿದ್ದ ಒಬ್ಬ ಹೆಣ್ಮಗಳಿಗೆ ಕಾರ್ಟಿಸೋನ್ ಇಂಜೆಕ್ಷನ್ ಕೊಟ್ರು, ಕೆಲವೇ ದಿನದಲ್ಲಿ ಆಕೆ ನಡೆದಾಡೋಕೆ ಶುರು ಮಾಡಿದ್ಲು, 1950ರಲ್ಲಿ ಅವರಿಗೂ ಕೆಂಡಾಲ್, ರೈಕ್‌ಸ್ಟೈನ್ ಅನ್ನೋ ಇಬ್ಬರು ರಸಾಯನಶಾಸ್ತ್ರದೋರಿಗೂ ನೊಬೆಲ್ ಬಂತು. ಕಣ್ಣಿನ ಡಾಕ್ಟ್ರುಗಳಿಗಂತೂ ಹಬ್ಬ, ಅಲ್ಲಿ ತನಕ ಕಣ್ಣಿನ ಒಳಗೆ ಊತ ಬಂದ್ರೆ ಕೈಯಲ್ಲಿ ಇದ್ದಿದ್ದು ಕಮ್ಮಿ. ಆದ್ರೆ ನೊಬೆಲ್ ಬಂದ ಅದೇ 1950ರಲ್ಲೇ ಈ ಜಾತಿ ಔಷಧಿ ಕೊಟ್ಟಾಗ ಕಣ್ಣಿನ ಪ್ರೆಷರ್ ಏರಿದ್ದನ್ನ ಒಬ್ರು ಬರೆದಿದ್ರು, 1954ರಲ್ಲಿ ಬೆಲ್ಜಿಯಂನ ಫ್ರಾನ್ಸ್ವಾ ಅನ್ನೋರು ಕಣ್ಣಿಗೆ ಕಾರ್ಟಿಸೋನ್ ಹಾಕಿದ್ರಿಂದ ಗ್ಲಾಕೋಮಾ, ಅಂದ್ರೆ ಪ್ರೆಷರಿಗೆ ಕಣ್ಣಿನ ನರ ಸವೆಯೋ ಕಾಯಿಲೆ, ಆಗಿದ್ದನ್ನ ಬರೆದ್ರು. ಅಂದ್ರೆ ಈ ವಿಷಯ ಗೊತ್ತಾಗಿ 70 ವರ್ಷ ದಾಟಿದೆ.

ಈಗ ಹನಿಗೆ ಬರೋಣ. ಬಾಟ್ಲಿ ಒತ್ತಿದ್ರೆ ಬೀಳೋ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ನಮ್ಮ ಕಣ್ಣಿನ ರೆಪ್ಪೆ ಒಳಗೆ ಸಾಮಾನ್ಯವಾಗಿ ಇರೋ ಕಣ್ಣೀರು 7 ಮೈಕ್ರೋಲೀಟರ್, ಎಷ್ಟೇ ಹಿಡಿದಿಟ್ಕೊಂಡ್ರೂ 30ರ ಸುಮಾರು ಅಷ್ಟೇ ಜಾಗ. ಅಂದ್ರೆ ಒಂದು ಹನಿಗೇ ಜಾಗ ಇಲ್ಲ! ನೀವು ಮೂರು ಹನಿ ಹಾಕ್ಕೊಂಡು ಕೆನ್ನೆ ಮೇಲೆ ಹರಿಸ್ತೀರಲ್ಲ, ಅದು ಕೆನ್ನೆಗೆ ಟ್ರೀಟ್ಮೆಂಟ್. ಉಳಿದಿದ್ದರಲ್ಲೂ ಒಂದಷ್ಟು ಕಣ್ಣು ಮಿಟುಕಿಸಿದಾಗ ಮೂಗಿನ ಪಕ್ಕದ ಸಣ್ಣ ತೂತಲ್ಲಿ ಇಳಿದು ಮೂಗಿಗೆ ಹೋಗಿ ಗಂಟಲಿಗೆ ಬರುತ್ತೆ. ಅದಕ್ಕೇ ಡ್ರಾಪ್ಸ್ ಹಾಕಿದ ಸ್ವಲ್ಪ ಹೊತ್ತಿಗೆ ಬಾಯಿ ಕಹಿ ಆಗೋದು. (ಇಲ್ಲಿ ಒಬ್ರು ಅಜ್ಜಿ "ಹೌದ್ರೀ, ನಾ ಅಂದ್ರ ಸೊಸಿ ನಗ್ತಾಳ" ಅಂದ್ರು. ಅಜ್ಜಿ, ನಿಮ್ಮ ಮಾತು ನಿಜ, ಸೊಸೆಗೆ ಹೇಳಿ.) ಇದೆಲ್ಲಾ ಕಳೆದು ಕಣ್ಣಿನ ಒಳಗೆ ನಿಜವಾಗ್ಲೂ ಹೋಗೋದು ಹಾಕಿದ್ದರಲ್ಲಿ 100ಕ್ಕೆ 5 ಭಾಗಕ್ಕಿಂತ ಕಮ್ಮಿ.

ಯಾಕೆ ಅಷ್ಟು ಕಮ್ಮಿ ಅಂದ್ರೆ ಕಣ್ಣಿನ ಮುಂದಿನ ಗಾಜು, ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರ್ ಅಷ್ಟೇ ಇದ್ರೂ ಸುಮ್ಕೆ ಯಾರನ್ನೂ ಬಿಡಲ್ಲ. ಚಿತ್ರದುರ್ಗದಲ್ಲಿ ಮಾತಾಡಿದ್ರೆ ಏಳು ಸುತ್ತಿನ ಕೋಟೆ ಅಂತ ಹೇಳಿ ಚಪ್ಪಾಳೆ ತಗೋಬಹುದಿತ್ತು, ಆದ್ರೆ ದಾವಣಗೆರೆಯಲ್ಲಿ ಇದ್ದೀವಿ, ಬೆಣ್ಣೆ ದೋಸೆ ಇದಕ್ಕಿಂತ ಸರಿಯಾದ ಉದಾಹರಣೆ. ಮೇಲೆ ಬೆಣ್ಣೆ, ನಡುವೆ ಒದ್ದೆ ಹಿಟ್ಟು, ಕೆಳಗೂ ಬೆಣ್ಣೆ. ಕಾರ್ನಿಯಾನೂ ಹಂಗೇನೇ. ಮೇಲಿನ ಪದರ ಜಿಡ್ಡಿನ ಸ್ವಭಾವದ್ದು, ಅದರ ಕೋಶಗಳು ಒಂದಕ್ಕೊಂದು ಹೊಲಿಗೆ ಹಾಕಿದಂಗೆ ಬಿಗಿಯಾಗಿ ಕೂತಿರ್ತವೆ, ನಡುವಿನ ದಪ್ಪ ಪದರದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು, ಒಳಗಿನದು ಮತ್ತೆ ಜಿಡ್ಡಿನ ಸ್ವಭಾವದ ಒಂದೇ ಸಾಲಿನ ಕೋಶಗಳು. ಈಗ ಕಾದ ಬೆಣ್ಣೆ ಹಂಚಿನ ಮೇಲೆ ನೀರು ಚಿಮುಕಿಸಿ ನೋಡಿ, ಹನಿ ಓಡಾಡುತ್ತೆ ಹೊರತು ಒಳಗೆ ಇಳಿಯಲ್ಲ. ಬರೀ ನೀರಲ್ಲಿ ಕರಗೋ ಔಷಧಿ ಮೇಲಿನ ಬೆಣ್ಣೆ ದಾಟಲ್ಲ, ಬರೀ ಜಿಡ್ಡಲ್ಲಿ ಕರಗೋದು ಬೆಣ್ಣೆ ದಾಟಿ ಒದ್ದೆ ಹಿಟ್ಟಿಗೆ ಬಂದು ನಿಂತುಬಿಡುತ್ತೆ. ಎರಡೂ ಕಡೆ ಸಂಬಂಧ ಇಟ್ಕೊಂಡಿರೋನು ಮಾತ್ರ ಪಾರಾಗ್ತಾನೆ, ನಮ್ಮೂರ ಕೆಲವು ರಾಜಕಾರಣಿಗಳ ಹಂಗೆ.

ಅದಕ್ಕೇ ಒಂದೇ ಸ್ಟೀರಾಯ್ಡನ್ನ ಬೇರೆ ಬೇರೆ ರೂಪದಲ್ಲಿ ಮಾಡ್ತಾರೆ. ಪ್ರೆಡ್ನಿಸೋಲೋನ್ ಫಾಸ್ಫೇಟ್ ಅಂತ ಇದೆ, ನೀರಲ್ಲಿ ಚೆನ್ನಾಗಿ ಕರಗುತ್ತೆ, ಬಾಟ್ಲಿ ಒಳಗೆ ತಿಳಿಯಾಗಿ ಕಾಣುತ್ತೆ, ಆದ್ರೆ ಮೇಲಿನ ಪದರ ಗಟ್ಟಿ ಇದ್ರೆ ಒಳಗೆ ಹೋಗೋದು ಕಮ್ಮಿ. ಮೇಲಿನ ಚರ್ಮ ಕಿತ್ತುಹೋಗಿದ್ರೆ ಅದೇ ಫಾಸ್ಫೇಟು ಸಲೀಸಾಗಿ ನುಗ್ಗುತ್ತೆ. ಪ್ರೆಡ್ನಿಸೋಲೋನ್ ಅಸಿಟೇಟ್ ಇನ್ನೊಂದು, ಜಿಡ್ಡಿಗೆ ಒಗ್ಗುತ್ತೆ, ಕಾರ್ನಿಯಾ ಚೆನ್ನಾಗಿ ದಾಟುತ್ತೆ, ಪೊರೆ ಆಪರೇಷನ್ ಆದೋರಿಗೆ ನಾವು ಜಾಸ್ತಿ ಬರೆಯೋದು ಇದನ್ನೇ. ಆದ್ರೆ ಇದು ನೀರಲ್ಲಿ ಕರಗಲ್ಲ, ಬಿಳಿ ಪುಡಿ ನೀರಲ್ಲಿ ತೇಲ್ತಿರುತ್ತೆ, ನಿಲ್ಲಿಸಿ ಇಟ್ರೆ ತಳಕ್ಕೆ ಇಳಿಯುತ್ತೆ.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಈ ಒಂದು ವಿಷಯ ಮನೆಗೆ ಹೋಗಿ ನೀವೇ ನೋಡಬಹುದು. ಹರಿಹರ ಕಡೆಯ ಒಬ್ರು ಯಜಮಾನ್ರು ಪೊರೆ ಆಪರೇಷನ್ ಆದ್ಮೇಲೆ ಎರಡು ವಾರಕ್ಕೆ ಬಂದ್ರು, ಕಣ್ಣು ಇನ್ನೂ ಕೆಂಪು, ಒಳಗೆ ಊತ ಇಳಿದಿಲ್ಲ. "ದಿನಾ ಆರು ಸಲ ಹಾಕ್ತೀನಿ ಡಾಕ್ಟ್ರೇ, ಗಡಿಯಾರ ನೋಡ್ಕೊಂಡು" ಅಂದ್ರು, ಸುಳ್ಳು ಹೇಳೋ ಮನುಷ್ಯ ಅಲ್ಲ. ಬಾಟ್ಲಿ ತಗೊಂಡು ಬೆಳಕಿಗೆ ಹಿಡಿದೆ. ಮೇಲೆ ನೀರು, ತಳದಲ್ಲಿ ಸುಣ್ಣದ ಥರ ಬಿಳಿ ಗಸಿ. ಒಂದು ಸಲನೂ ಅಲುಗಾಡಿಸಿಲ್ಲ! ಎರಡು ವಾರ ಹಾಕಿದ್ದು ಹೆಚ್ಚುಕಮ್ಮಿ ನೀರೇ. ಆ ಬಾಟ್ಲಿ ಹಂಗೇ ಮುಂದುವರಿಸಿದ್ರೆ ಕೊನೆಯ ವಾರ, ಅಂದ್ರೆ ಔಷಧಿ ಕಮ್ಮಿ ಮಾಡ್ಬೇಕಾದ ಹೊತ್ತಲ್ಲಿ, ಗಸಿಯೆಲ್ಲಾ ಗಟ್ಟಿಯಾಗಿ ಕಣ್ಣಿಗೆ ಬೀಳ್ತಿತ್ತು. ಮಜ್ಜಿಗೆ ಕುಡಿಯೋ ಮುಂಚೆ ಅಲುಗಾಡಿಸ್ತೀವಿ, ಸಾಂಬಾರಿಗೆ ಸೌಟು ಹಾಕಿ ತಿರುಗಿಸಿ ಬಡಿಸ್ತೀವಿ, ಇದಕ್ಕೆ ಮಾತ್ರ ಇಲ್ಲ. ಹೇಳದೆ ಇದ್ದಿದ್ದು ನಮ್ಮ ಸಿಬ್ಬಂದಿ, ಅವರಿಗೆ ಹೇಳದೆ ಇದ್ದಿದ್ದು ನಾನು.

ಉಳಿದವು ಬೇಗ ಹೇಳ್ತೀನಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಗಟ್ಟಿ ಶಕ್ತಿಯವು, ಪ್ರೆಷರ್ ಏರಿಸೋದ್ರಲ್ಲೂ ಮುಂದೆ. ಡೈಫ್ಲುಪ್ರೆಡ್ನೇಟ್ ಅಂತ ಹಾಲಿನ ಥರ ಇರೋದು ಬಂದಿದೆ, ಅಲುಗಾಡಿಸೋ ರಗಳೆ ಇಲ್ಲ, ಒಳಗೆ ಜೋರಾಗಿ ಹೋಗುತ್ತೆ, ಅದಕ್ಕೇ ಮಕ್ಕಳಿಗೆ ಕೊಡುವಾಗ ಎದೆ ಡವಡವ ಅನ್ನುತ್ತೆ. ಫ್ಲೋರೋಮೆಥೋಲೋನ್ ಒಳಗೆ ಹೋಗೋದು ಕಮ್ಮಿ, ಹೋದ್ರೂ ಬೇಗ ಕರಗುತ್ತೆ, ಮೇಲ್ಮೈ ಅಲರ್ಜಿಗೆ ಸಾಕು. ಲೋಟೆಪ್ರೆಡ್ನಾಲ್ ಅನ್ನೋದನ್ನ ಮಾಡಿದೋರ ಬುದ್ಧಿ ನನಗೆ ಬಹಳ ಇಷ್ಟ, ತನ್ನ ಕೆಲಸ ಮುಗಿಸಿದ್ಮೇಲೆ ಕಣ್ಣಿನದೇ ಕಿಣ್ವಗಳು ಅದನ್ನ ಮುರಿದು ನಿರುಪದ್ರವಿ ಮಾಡೋ ಹಂಗೆ ಮೊದಲೇ ಒಂದು ಸಡಿಲ ಕೊಂಡಿ ಇಟ್ಟು ಕಟ್ಟಿದ್ದಾರೆ. ಆದ್ರೆ ಇವೆರಡನ್ನ "ಸೇಫ್ ಸ್ಟೀರಾಯ್ಡ್" ಅಂತ ಕರೆಯೋದು ನನಗೆ ಸರಿ ಕಾಣಲ್ಲ. ಪ್ರೆಷರ್ ಏರೋ ಸಂಭವ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ.

ಈಗ ಔಷಧಿ ಒಳಗೆ ಬಂತು. ಕಾರ್ನಿಯಾ ಹಿಂದೆ, ಬಣ್ಣದ ಪರದೆ ಮುಂದೆ ಒಂದು ಸಣ್ಣ ಕೋಣೆ ಇದೆ, ಅದರ ತುಂಬಾ ತಿಳಿ ನೀರು. ಈ ನೀರಿಗೂ ಕಣ್ಣೀರಿಗೂ ಸಂಬಂಧ ಇಲ್ಲ, ತುಂಬಾ ಜನ ಇಲ್ಲೇ ಗೊಂದಲ ಮಾಡ್ಕೊಳ್ತಾರೆ. ಇದು ಒಳಗೇ ಹುಟ್ಟಿ ಒಳಗಿಂದಲೇ ರಕ್ತಕ್ಕೆ ಸೇರೋ ನೀರು. ನಿಮಿಷಕ್ಕೆ ಎರಡು, ಎರಡೂವರೆ ಮೈಕ್ರೋಲೀಟರ್ ಹುಟ್ಟುತ್ತೆ, ಅಷ್ಟೇ ಹೊರಗೆ ಹೋಗ್ಬೇಕು, ಒಂದೂವರೆ ಎರಡು ಗಂಟೆಗೆ ಕೋಣೆ ನೀರು ಪೂರ್ತಿ ಹೊಸದಾಗುತ್ತೆ. ಸೂಳೆಕೆರೆ ನೋಡಿದೋರಿಗೆ ಹೇಳೋದೇ ಬ್ಯಾಡ, ಹಳ್ಳದ ನೀರು ಬರ್ತಾನೇ ಇದ್ದು ತೂಬು ಕಟ್ಟಿಕೊಂಡ್ರೆ ಕೆರೆ ಏನಾಗುತ್ತೆ ಅಂತ. ಆದ್ರೆ ಕೆರೆಗೆ ಕೋಡಿ ಇದೆ, ಜಾಸ್ತಿ ಆದ್ರೆ ಅಲ್ಲಿ ಹರಿದು ಹೋಗುತ್ತೆ, ಕಣ್ಣಿಗೆ ಕೋಡಿ ಇಲ್ಲ. ತೂಬು ಇರೋದು ಕಾರ್ನಿಯಾ ಮತ್ತು ಬಣ್ಣದ ಪರದೆ ಸೇರೋ ಮೂಲೆಯಲ್ಲಿ, ಸುತ್ತಾ ಜರಡಿ ಥರ, ಟ್ರಾಬೆಕ್ಯುಲರ್ ಮೆಶ್‌ವರ್ಕ್ ಅಂತ ಹೆಸರು, ಹೆಸರು ಮರೀರಿ ಜರಡಿ ನೆನಪಿಟ್ಕೊಳ್ಳಿ.

ಈ ವಿಷಯ ನನಗೇ ಓದುವಾಗ ಹೊಳೆದಿರಲಿಲ್ಲ, ಕೆಲಸ ಮಾಡ್ತಾ ಮಾಡ್ತಾ ಹೊಳೀತು. ಕಾರ್ನಿಯಾ ದಾಟಿ ಒಳಗೆ ಬಂದ ಸ್ಟೀರಾಯ್ಡು ಆ ನೀರಲ್ಲಿ ಸೇರಿತಲ್ಲ, ಆ ನೀರು ಹೊರಗೆ ಹೋಗೋ ಮುಖ್ಯ ದಾರಿ ಯಾವುದು? ಅದೇ ಜರಡಿ. ಅಂದ್ರೆ ನಾವು ಊತ ಇಳಿಸೋಕೆ ಅಂತ ಕಳಿಸಿದ ಔಷಧಿ ಹೋಗ್ತಾ ಹೋಗ್ತಾ ಜರಡಿಯ ಒಂದೊಂದು ಕೋಶವನ್ನೂ ಮುಟ್ಟಿಕೊಂಡೇ ಹೋಗುತ್ತೆ. ಎಷ್ಟು ಚೆನ್ನಾಗಿ ಒಳಗೆ ಹೋಗುತ್ತೋ ಅಷ್ಟು ಜರಡಿಗೂ ಸಿಗುತ್ತೆ. ಒಳಗೆ ಹೋಗೋ ಶಕ್ತಿ ಹೊಗಳಿ ಪ್ರೆಷರನ್ನ ಬೈಯೋ ಹಂಗಿಲ್ಲ, ಎರಡೂ ಒಂದೇ ಗುಣದ ಎರಡು ಮುಖ.

ಜರಡಿ ಕೋಶ ಏನ್ ಮಾಡ್ತವೆ ಅಂದ್ರೆ ದಿನಾ ಕಸ ಗುಡಿಸ್ತವೆ. ನೀರಲ್ಲಿ ಬಂದ ಬಣ್ಣದ ಪುಡಿ, ಸತ್ತ ಕೋಶದ ಚೂರು ಎಲ್ಲಾ ನುಂಗಿ ದಾರಿ ಸಾಫ್ ಇಡ್ತವೆ. ಸ್ಟೀರಾಯ್ಡು ಅವುಗಳ ಒಳಗಿನ ಗ್ರಾಹಕಕ್ಕೆ ಅಂಟಿಕೊಂಡು ಕೋಶದ ಕೇಂದ್ರಕ್ಕೆ ಹೋಗಿ ಜೀನುಗಳ ಮಟ್ಟದಲ್ಲೇ ಕೆಲಸ ಬದಲಿಸುತ್ತೆ. ಕಸ ನುಂಗೋದು ಕಮ್ಮಿ ಆಗುತ್ತೆ, ಫೈಬ್ರೋನೆಕ್ಟಿನ್, ಕೊಲಾಜನ್ ಥರದ ಅಂಟಂಟು ನಾರಿನ ವಸ್ತು ಜಾಸ್ತಿ ತಯಾರಾಗುತ್ತೆ, ಕೋಶದ ಒಳಗಿನ ಆಕ್ಟಿನ್ ದಾರಗಳು ಬಲೆ ಹೆಣೆದಂಗೆ ಒಂದಕ್ಕೊಂದು ಕಟ್ಟಿಕೊಂಡು ಕೋಶವೇ ಬಿರುಸಾಗುತ್ತೆ. ತೂಬಿನ ಬಾಯಿಗೆ ಹೂಳು ತುಂಬಿತು, ಜೊತೆಗೆ ಹೂಳು ಎತ್ತೋರೂ ಕೆಲಸ ಬಿಟ್ರು. ನೀರು ಹುಟ್ಟೋದು ಹಂಗೇ ಇದೆ. ಹೂಳು ಒಂದು ದಿನಕ್ಕೆ ತುಂಬಲ್ಲ, ಅದಕ್ಕೇ ಪ್ರೆಷರ್ ಏರೋಕೆ ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು, ಮಕ್ಕಳಲ್ಲಿ ಇನ್ನೂ ಬೇಗ, ಕೆಲವು ಸಲ ದಿನಗಳಲ್ಲೇ. ಜರಡಿ ಕೋಶಗಳಿಗೆ ಡೆಕ್ಸಾಮೆಥಾಸೋನ್ ಹಾಕಿ ಇದನ್ನ ನೋಡ್ತಾ ಇದ್ದಾಗಲೇ ಮಯೋಸಿಲಿನ್ ಅನ್ನೋ ಪ್ರೊಟೀನು ಸಿಕ್ಕಿದ್ದು, 1997ರಲ್ಲಿ ಅದರ ಜೀನಿಗೂ ಕೆಲವು ಮನೆತನಗಳಲ್ಲಿ ಬರೋ ಗ್ಲಾಕೋಮಾಕ್ಕೂ ಗಂಟು ಸಿಕ್ಕಿತು, ಅದು ಇನ್ನೊಂದು ಭಾಷಣ.

ಎಲ್ಲರಿಗೂ ಏರುತ್ತಾ? ಇಲ್ಲ. ಬೆರ್ನಾರ್ಡ್ ಬೆಕರ್, ಮನ್ಸೂರ್ ಆರ್ಮಲಿ ಅಂತ ಇಬ್ಬರು 1960ರ ದಶಕದಲ್ಲಿ ಬೇರೆ ಬೇರೆಯಾಗಿ ಜನಕ್ಕೆ ನಾಲ್ಕಾರು ವಾರ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿ ಅಳೆದ್ರು. ಮೂರರಲ್ಲಿ ಎರಡು ಪಾಲು ಜನಕ್ಕೆ ಅಷ್ಟಾಗಿ ಏರಲಿಲ್ಲ, 6 ಅಂಕದ ಒಳಗೆ. ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಮ್ಮಿ ಜನಕ್ಕೆ 6ರಿಂದ 15 ಏರಿತು. 100ಕ್ಕೆ ಐದಾರು ಜನಕ್ಕೆ 15ಕ್ಕಿಂತ ಜಾಸ್ತಿ. ಈ ಹಾಲಲ್ಲಿ ನೂರು ಜನ ಇದ್ದೀವಿ ಅನ್ಕೊಳ್ಳಿ, ಆ ಐದಾರು ಜನ ಯಾರು ಅಂತ ಮುಖ ನೋಡಿ ಹೇಳೋಕೆ ನನಗೆ ಆಗಲ್ಲ. ಸುಳಿವು ಮಾತ್ರ ಇದೆ: ಈಗಾಗಲೇ ಗ್ಲಾಕೋಮಾ ಇರೋರಿಗೆ ಸ್ಟೀರಾಯ್ಡ್ ಕೊಟ್ರೆ ಬಹುತೇಕ ಎಲ್ಲರಿಗೂ ಏರುತ್ತೆ, ಅಪ್ಪ ಅಮ್ಮ ಅಣ್ಣ ತಂಗಿಗೆ ಗ್ಲಾಕೋಮಾ ಇದ್ದೋರಿಗೆ ಹೆದರಿಕೆ ಜಾಸ್ತಿ, ದೊಡ್ಡ ಮೈನಸ್ ನಂಬರ್ ಇರೋರು, ಸಣ್ಣ ವಯಸ್ಸಲ್ಲೇ ಬರೋ ಟೈಪ್ 1 ಸಕ್ಕರೆ ಕಾಯಿಲೆಯೋರು, ಸಣ್ಣ ಮಕ್ಕಳು. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಗ್ಲಾಕೋಮಾ ಇದ್ರೆ ಡಾಕ್ಟ್ರು ಕೇಳದೆ ಇದ್ರೂ ನೀವೇ ಬಾಯಿ ಬಿಟ್ಟು ಹೇಳಿ.

ನೋವು ಬರಲ್ವಾ ಅಂತ ಕೇಳ್ತೀರಿ. ಬರಲ್ಲ ರೀ. ನಿಧಾನಕ್ಕೆ ಏರೋ ಪ್ರೆಷರಿಗೆ ನೋವಿಲ್ಲ, ಕೆಂಪಿಲ್ಲ, ನೀರು ಸೋರಲ್ಲ. ಉಲ್ಟಾ, ಸ್ಟೀರಾಯ್ಡ್ ಹಾಕಿದ ಕಣ್ಣು ಬೆಳ್ಳಗೆ ಸುಂದರವಾಗಿ ಇರುತ್ತೆ. ಕಣ್ಣಿನಿಂದ ಮಿದುಳಿಗೆ ಹೋಗೋ ನರದಲ್ಲಿ ಸುಮಾರು 12 ಲಕ್ಷ ಎಳೆ ಇವೆ, ಅವು ಒಂದೊಂದಾಗಿ ಸಾಯ್ತವೆ, ಮೊದಲು ಹೋಗೋದು ಪಕ್ಕದ ನೋಟ, ಎದುರಿಗೆ ಇರೋದು ಕೊನೆ ತನಕ ಕಾಣ್ತಾ ಇರುತ್ತೆ, ಹಂಗಾಗಿ ಮನುಷ್ಯನಿಗೆ ಗೊತ್ತೇ ಆಗಲ್ಲ. ಗೊತ್ತಾಗೋದು ಅಳೆದ್ರೆ ಮಾತ್ರ. ಮರಗಟ್ಟೋ ಹನಿ ಹಾಕಿ, ಹಳದಿ ಬಣ್ಣ ಹಚ್ಚಿ, ನೀಲಿ ಬೆಳಕಲ್ಲಿ ಒಂದು ಸಣ್ಣ ಪಾರದರ್ಶಕ ಮೊನೆಯನ್ನ ಕಾರ್ನಿಯಾಗೆ ತಾಗಿಸ್ತೀವಿ, ನಮಗೆ ಎರಡು ಹಸಿರು ಅರ್ಧ ಬಳೆ ಕಾಣುತ್ತೆ, ಗುಂಡಿ ತಿರುಗಿಸ್ತಾ ಅವೆರಡರ ಒಳ ಅಂಚು ಒಂದಕ್ಕೊಂದು ಮುಟ್ಟಿದ ಕೂಡ್ಲೇ ನಂಬರ್ ಓದ್ಕೊಳ್ಳೋದು. ಒಂದು ನಿಮಿಷದ ಕೆಲಸ.

ಆ ಒಂದು ನಿಮಿಷದ ಕೆಲಸನ ನಾನೂ ಒಂದು ಸಲ ಬಿಟ್ಟಿದ್ದೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದು, ಒಬ್ಬ ಮೇಷ್ಟ್ರು, ಕಣ್ಣಿನ ಒಳಗೆ ಊತ, ಯುವಿಯೈಟಿಸ್ ಅಂತೀವಿ. ಸ್ಟೀರಾಯ್ಡ್ ಹಾಕಲೇಬೇಕು, ಹಾಕಿದೆ, ಊತ ಇಳಿಯಿತು, ಅವರಿಗೂ ಖುಷಿ ನನಗೂ ಖುಷಿ. ಮೂರು ಸಲ ಬಂದ್ರು, ಮೂರು ಸಲನೂ ಊತ ನೋಡಿದೆ, ಪ್ರೆಷರ್ ನೋಡ್ಲಿಲ್ಲ, ಹೊರಗೆ ಸಾಲು ಉದ್ದ ಇತ್ತು ಅನ್ನೋದು ನನ್ನ ನೆಪ. ಎರಡೂವರೆ ತಿಂಗಳಿಗೆ ನೋಡಿದಾಗ 34. ನರ ಸ್ವಲ್ಪದರಲ್ಲಿ ಉಳಿದಿತ್ತು, ಔಷಧಿ ಬದಲಿಸಿ ಇಳಿಸಿದ್ವಿ, ಅವರು ನನ್ನನ್ನ ಬೈಯಲೂ ಇಲ್ಲ. ಅವತ್ತಿಂದ ನಾನು ಸ್ಟೀರಾಯ್ಡ್ ಬರೆದ್ರೆ ಅದೇ ಚೀಟಿ ಕೆಳಗೆ ಪ್ರೆಷರ್ ನೋಡೋ ತಾರೀಖೂ ಬರೀತೀನಿ, ತಾರೀಖು ಬರೆಯೋಕೆ ಮನಸ್ಸಿಲ್ಲ ಅಂದ್ರೆ ಔಷಧಿನೂ ಬರೆಯಲ್ಲ.

ಡ್ರಾಪ್ಸ್ ಮಾತ್ರ ಅಲ್ಲ, ಬೇರೆ ದಾರಿಗಳೂ ಇವೆ. ಕಣ್ಣಿನ ರೆಪ್ಪೆಗೆ ಹಚ್ಚೋ ಚರ್ಮದ ಮುಲಾಮು, ಬೆಳ್ಳಗಾಗ್ತೀವಿ ಅಂತ ಹುಡುಗೀರು ಮುಖಕ್ಕೆ ಹಚ್ಚೋ ಟ್ಯೂಬು, ಅದರಲ್ಲೂ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತೆ. ಮಾತ್ರೆಯಿಂದಲೂ ಏರಬಹುದು, ಉಬ್ಬಸಕ್ಕೆ ಎಳೆಯೋ ಪಂಪಿನಿಂದ ಅಪರೂಪಕ್ಕೆ. ಹಂಗಂತ ಉಬ್ಬಸದ ಪಂಪು ಬಿಡಬೇಡಿ ಮತ್ತೆ! ಇನ್ನು ಕಣ್ಣಿನ ಹಿಂಭಾಗಕ್ಕೆ, ಅಂದ್ರೆ ರೆಟಿನಾಗೆ ಡ್ರಾಪ್ಸ್ ಸಾಕಾಗುವಷ್ಟು ತಲುಪೋದೇ ಇಲ್ಲ, ಮುಂದಿನಿಂದ ಹಿಂದಕ್ಕೆ ಹೋಗೋಕೆ ನೀರಿನ ಹರಿವೇ ಎದುರು. ಅದಕ್ಕೇ ಸಕ್ಕರೆ ಕಾಯಿಲೆಯಿಂದ ರೆಟಿನಾ ಊದಿಕೊಂಡೋರಿಗೆ ಕಣ್ಣಿನ ಒಳಗೇ ಇಂಜೆಕ್ಷನ್ ಕೊಡೋದು, ಕೆಲವರಿಗೆ ಟ್ರಯಾಮ್ಸಿನೊಲೋನ್, ಕೆಲವರಿಗೆ 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಇರೋ ಒಂದು ಸಣ್ಣ ಕಡ್ಡಿ, ಒಳಗೇ ಇದ್ದು ತಿಂಗಳುಗಟ್ಟಲೆ ಕರಗ್ತಾ ಇರುತ್ತೆ. ಡ್ರಾಪ್ಸ್ ಆದ್ರೆ ಪ್ರೆಷರ್ ಏರಿದ ದಿನ ಬಾಟ್ಲಿ ಎತ್ತಿಡಬಹುದು, ಒಳಗೆ ಇಟ್ಟಿದ್ದನ್ನ ಹಂಗೆ ಎತ್ತಿಡೋಕೆ ಬರಲ್ಲ. ಪ್ರೆಷರ್ ಏರೋದಾದ್ರೆ ಕಡ್ಡಿ ಇಟ್ಟ ಎರಡು ತಿಂಗಳ ಹೊತ್ತಿಗೆ ಜಾಸ್ತಿ ಮೇಲಿರುತ್ತೆ, ಆ ಟೈಮಿಗೆ ಚೆಕಪ್ ತಪ್ಪಿಸಬೇಡಿ.

ಇನ್ನು ಮೆಡಿಕಲ್ ಶಾಪ್ ವಿಷಯ. ಕೌಂಟರಿನೋರನ್ನ ಬೈಯೋಕೆ ಬಂದಿಲ್ಲ ನಾನು, ಆದ್ರೆ "ಕಣ್ಣು ಕೆಂಪಾಗೈತಿ, ಏನಾರ ಕೊಡಣ್ಣ" ಅಂದಾಗ ಸಿಗೋದು ಹೆಚ್ಚಾಗಿ ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಒಂದರಲ್ಲೇ ಸೇರಿಸಿದ ಬಾಟ್ಲಿ. ಹೆಸರಿನ ಬಾಲಕ್ಕೆ "ಡಿ" ಅಂತಿದ್ರೆ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್. ಮೆಕ್ಕೆಜೋಳ ಮುರಿಯೋ ಸೀಸನ್ನಲ್ಲಿ ಎಲೆ ಅಂಚು ಕಣ್ಣಿಗೆ ಬಡಿದು, ಇಲ್ಲಾ ಭತ್ತ ತೂರುವಾಗ ಹೊಟ್ಟು ಬಿದ್ದು ಬರೋರು ನಮ್ಮ ಕಡೆ ಎಷ್ಟು ಜನ ಅಂತ ನಿಮಗೇ ಗೊತ್ತು. ಆ ಗಾಯದಲ್ಲಿ ಬೂಷ್ಟು ಬೆಳೀತಾ ಇದ್ರೆ, ಫಂಗಸ್, ಸ್ಟೀರಾಯ್ಡ್ ಬಿದ್ದ ಒಂದೆರಡು ದಿನ ಕೆಂಪು ಇಳಿದು ಹಾಯ್ ಅನ್ಸುತ್ತೆ, ಒಳಗೆ ಬೂಷ್ಟಿಗೆ ಅಡ್ಡ ಬರೋರೇ ಇಲ್ಲ, ವಾರಕ್ಕೆ ಬರೋ ಹೊತ್ತಿಗೆ ಕರಿಗುಡ್ಡೆ ಮೇಲೆ ಬಿಳಿ ಮಚ್ಚೆ. ಪ್ರೆಷರ್ ಕಥೆ ನಿಧಾನದ್ದು, ಇದು ವಾರದಲ್ಲೇ ಕಣ್ಣು ಕಳೆಯೋ ಕಥೆ. ಬೆಳೆ ಬಡಿದ ಕಣ್ಣಿಗೆ ಕೇಳದೆ ಏನೂ ಹಾಕಬೇಡಿ, ಅಷ್ಟೇ.

ಪ್ರೆಷರ್ ಏರಿದ್ರೆ ಏನ್ ಮಾಡ್ತೀವಿ? ಸ್ಟೀರಾಯ್ಡ್ ನಿಲ್ಲಿಸೋಕೆ ಆಗುತ್ತಾ ನೋಡ್ತೀವಿ, ನಿಲ್ಲಿಸಿದ್ರೆ ಹೆಚ್ಚಿನೋರಿಗೆ ಒಂದರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಆಗಲ್ಲ ಅಂದ್ರೆ ಸೌಮ್ಯವಾದದ್ದಕ್ಕೆ ಬದಲಿಸ್ತೀವಿ, ಜೊತೆಗೆ ಟಿಮೊಲಾಲ್ ಥರದ ಪ್ರೆಷರ್ ಇಳಿಸೋ ಹನಿ. ವರ್ಷಗಟ್ಟಲೆ ಹಾಕಿದೋರಲ್ಲಿ ಹೂಳು ಗಟ್ಟಿಯಾಗಿ ಹೋಗಿರುತ್ತೆ, ಬಾಟ್ಲಿ ಬಿಸಾಕಿದ್ರೂ ಪ್ರೆಷರ್ ಇಳಿಯಲ್ಲ, ಆಗ ಹೊಸ ತೂಬು ತೆಗೆಯೋ ಆಪರೇಷನ್ನೇ. ನಮ್ಮ ಜಗಳೂರು ಹುಡುಗನಿಗೆ ಅದೇ ಆಯ್ತು, ಒಂದು ಕಣ್ಣಿಗೆ ಆಪರೇಷನ್, ಇನ್ನೊಂದು ಎರಡು ಥರದ ಹನಿ ಮೇಲೆ ನಿಂತಿದೆ. ಕಡಿತಕ್ಕೆ ಈಗ ಅಲರ್ಜಿ ಹನಿ, ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು, ತಣ್ಣೀರು ಬಟ್ಟೆ, ಬಿಸಿಲಿಗೆ ಟೋಪಿ. ಈ ಬೇಸಿಗೆ ಅಲರ್ಜಿ ಗಂಡು ಹುಡುಗರಲ್ಲೇ ಜಾಸ್ತಿ, ದೊಡ್ಡೋರಾಗ್ತಾ ಹೆಚ್ಚಿನೋರಿಗೆ ತಾನಾಗೇ ಹೋಗುತ್ತೆ. ಅಲರ್ಜಿ ಹೋಗುತ್ತೆ, ಸತ್ತ ನರ ವಾಪಸ್ ಬರಲ್ಲ. ಮುಂದಿನ ಬೆಂಚಲ್ಲಿ ಕೂರ್ತಾನೆ ಈಗ.

ಕೊನೆಗೆ ಪ್ರಶ್ನೆ ಕೇಳಿದ್ರು, ಕೆಲವನ್ನ ಮಾತ್ರ ಇಲ್ಲಿ ಹಾಕ್ತೀನಿ.

ಒಬ್ರು ನಿವೃತ್ತ ಬ್ಯಾಂಕಿನೋರು: "ಸಾರ್, ನನಗೆ ಮೊನ್ನೆ ಪೊರೆ ಆಪರೇಷನ್ ಆಗಿದೆ, ನಿಮ್ಮ ಮಾತು ಕೇಳಿ ಭಯ ಆಯ್ತು, ಇವತ್ತಿಂದ ನಿಲ್ಲಿಸಿಬಿಡ್ಲಾ?" ದಯವಿಟ್ಟು ಬ್ಯಾಡ. ಆಪರೇಷನ್ ಆದ ಕಣ್ಣಿಗೆ ನಾಲ್ಕರಿಂದ ಆರು ವಾರ ಇದು ಬೇಕು, ದಿನಕ್ಕೆ ಆರು ಇದ್ದಿದ್ದು ಐದು, ನಾಲ್ಕು ಅಂತ ಇಳಿಸ್ತಾ ಬರ್ತೀವಿ, ತಟ್ಟನೆ ನಿಲ್ಲಿಸಿದ್ರೆ ಊತ ವಾಪಸ್ ಬರುತ್ತೆ. ಚೀಟಿಯಲ್ಲಿ ಎಷ್ಟು ವಾರ ಅಂತಿದೆಯೋ ಅಷ್ಟು ಹಾಕಿ, ಒಂದು ದಿನ ಕಮ್ಮಿನೂ ಬ್ಯಾಡ ಜಾಸ್ತಿನೂ ಬ್ಯಾಡ.

"ಎರಡು ಥರದ ಡ್ರಾಪ್ಸ್ ಒಟ್ಟಿಗೆ ಹಾಕಬಹುದಾ?" ಐದು ನಿಮಿಷ ಬಿಟ್ಟು ಹಾಕಿ, ಇಲ್ಲಾಂದ್ರೆ ಎರಡನೇದು ಮೊದಲನೇದನ್ನ ತೊಳೆದುಕೊಂಡು ಹೋಗುತ್ತೆ. ಹಾಕಿದ್ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕ ಮೂಲೆಯನ್ನ ಬೆರಳಲ್ಲಿ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡೀರಿ, ಗಂಟಲಿಗೆ ಇಳಿಯೋದು ಕಮ್ಮಿ ಆಗುತ್ತೆ, ಅಜ್ಜಿ, ಕಹಿನೂ.

ಎಲ್ಲಾ ಮುಗಿದು ಮಂಡಕ್ಕಿ ಮೆಣಸಿನಕಾಯಿ ತಿಂತಾ ಇರುವಾಗ ಒಬ್ಬ ಹೆಣ್ಮಗಳು ಹತ್ರ ಬಂದ್ರು, ಐವತ್ತರ ಆಸುಪಾಸು, ಮನೆಯೋರದು ಮಂಡಕ್ಕಿ ಭಟ್ಟಿ ಅಂತೆ, ಇವರೂ ಅಲ್ಲೇ ಕೆಲಸ. ಬ್ಯಾಗಿಂದ ಬಾಟ್ಲಿ ತೆಗೆದ್ರು. "ಸಾರ್, ಭಟ್ಟಿ ಹೊಗಿಗೆ ಒಂದು ಕಣ್ಣು ಯಾವಾಗ್ಲೂ ಉರಿತೈತಿ, ಇದನ್ನ ಹಾಕ್ಕಂತೀನಿ, ಇದರಾಗೂ ಅದೇ ಇದೆಯೇನು ನೋಡ್ರಿ." ನೋಡಿದೆ, ಹೆಸರಿನ ಬಾಲಕ್ಕೆ ಡಿ. ಎಷ್ಟು ದಿನದಿಂದ ಅಂದೆ. ದೀಪಾವಳಿಯಿಂದ ಅಂದ್ರು, ನಾವು ಮಾತಾಡ್ತಿದ್ದಿದ್ದು ಯುಗಾದಿ ಹತ್ತಿರ.

ಮಾರನೇ ದಿನ ಬಂದ್ರು. ಬಲಗಣ್ಣು 16, ಎಡಗಣ್ಣು 29. ಹನಿ ಹಾಕ್ತಿದ್ದಿದ್ದು ಎಡಗಣ್ಣಿಗೆ ಮಾತ್ರ. ನರ ಇನ್ನೂ ಚೆನ್ನಾಗಿದೆ. ಬಾಟ್ಲಿ ನಾನೇ ಇಸ್ಕೊಂಡೆ, ಮೂರು ವಾರ ಬಿಟ್ಟು ಬರೋಕೆ ತಾರೀಖು ಬರ್ಕೊಟ್ಟಿದ್ದೀನಿ.